ಹೊಲಿಗೆಯ ಕುರ್ಚಿ

ಮನೆಗೆ ಹೊಲಿಗೆಯ ಯಂತ್ರ ಬರುವುದೆಂದರೆ ಸಣ್ಣ ಸಂಗತಿಯಲ್ಲ. ಯಾವ ಕಂಪನಿಯದು, ಕಾಲಿನಿಂದ ತುಳಿಯುವುದೋ ವಿದ್ಯುತ್ತಿನಿಂದ ಓಡುವುದೋ, ನಗದೋ ಕಂತೋ ಎಂದು ವಾರಗಟ್ಟಲೆ ಸಮಾಲೋಚನೆ ನಡೆಯುತ್ತದೆ. ನೆರೆಮನೆಯವರ ಅನುಭವವನ್ನು ಕೇಳಿದ್ದಾಗುತ್ತದೆ. ಬಂದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಕಿಟಕಿಯ ಬಳಿ ನಿಲ್ಲಿಸುವುದೂ ಉಂಟು. ಆಮೇಲೆ, ಅದರ ಮುಂದೆ ಕುಳಿತುಕೊಳ್ಳುವುದು ಯಾವುದರ ಮೇಲೆ ಎಂಬ ಪ್ರಶ್ನೆ ಏಳಬೇಕು. ಬಹುಪಾಲು ಮನೆಗಳಲ್ಲಿ ಅದು ಏಳುವುದೇ ಇಲ್ಲ. ಊಟದ ಮೇಜಿಗೆ ಹೆಚ್ಚಾದ ಕುರ್ಚಿ, ಒಂದು ಕೈ ಮುರಿದು ಅಟ್ಟ ಸೇರಲಿದ್ದ ಕುರ್ಚಿ, ಅದೂ ಇಲ್ಲವಾದರೆ ಬಚ್ಚಲುಮನೆಯ ಸ್ಟೂಲು, ಇವುಗಳಲ್ಲೊಂದು ಬಂದು ಯಂತ್ರದ ಮುಂದೆ ನಿಲ್ಲುತ್ತದೆ.

ಇದು ಮನೆಯವರ ಅಲಕ್ಷ್ಯ ಮಾತ್ರವೆಂದು ತಿಳಿಯಬೇಡಿ. ಮಹಿಳೆಯರಿಗೆ ಹೊಲಿಗೆಯ ಯಂತ್ರಗಳನ್ನು ಹಂಚುವ ಸಮಾರಂಭಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವೂ ನೋಡಿರುತ್ತೀರಿ. ಯಂತ್ರಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಹಿಂದೆ ಹೆಂಗಸರು ನಿಂತಿರುತ್ತಾರೆ. ಕುರ್ಚಿಗಳು ಇರುವುದಿಲ್ಲವೆಂದಲ್ಲ, ಇರುತ್ತವೆ. ಆದರೆ ವೇದಿಕೆಯ ಮೇಲೆ.

ಸಾಧಾರಣ ಕುರ್ಚಿಗೂ ಹೊಲಿಗೆಯ ಕುರ್ಚಿಗೂ ಇರುವ ಅಂತರವನ್ನು ಮೊದಲು ಮನಗಾಣಬೇಕು. ಪಡಸಾಲೆಯ ಕುರ್ಚಿಯನ್ನು ಮಾಡಿರುವುದು ಹಿಂದಕ್ಕೆ ಒರಗಿ ಪತ್ರಿಕೆ ಓದುವವರಿಗಾಗಿ. ಅದರ ಪೀಠ ಹಿಂದಕ್ಕೆ ತುಸು ಇಳಿದಿರುತ್ತದೆ, ಬೆನ್ನು ವಾಲಿರುತ್ತದೆ, ಎರಡೂ ಕಡೆ ಕೈಗಳಿರುತ್ತವೆ. ಹೊಲಿಯುವವಳಾದರೋ ಮುಂದಕ್ಕೆ ಬಾಗುವವಳು. ಅವಳ ಕಣ್ಣು ಸೂಜಿಯ ಮೊನೆಯಲ್ಲಿರುತ್ತದೆ, ಕೈಗಳು ಬಟ್ಟೆಯನ್ನು ನಡೆಸುತ್ತಿರುತ್ತವೆ. ಮನುಷ್ಯನ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ಅದು ಬೆನ್ನೆಲುಬಿನ ಮೇಲೆ ನೇರವಾಗಿ ಕುಳಿತಿದ್ದಾಗ ಭಾರವೆನಿಸದು. ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಕೆಲಸ ಕತ್ತಿನ ಹಿಂಬದಿಯ ಮತ್ತು ಭುಜದ ನಡುವಣ ಸ್ನಾಯುಗಳ ಪಾಲಿಗೆ ಬರುತ್ತದೆ. ಎರಡು ಗಂಟೆ ಹೊಲಿದೆದ್ದ ಮೇಲೆ ಕತ್ತು ಹಿಡಿದುಕೊಂಡಿತೆಂದು ಅಮೃತಾಂಜನ ಹುಡುಕುವವರು, ಅದನ್ನು ಶೀತದ ಮೇಲೋ ವಯಸ್ಸಿನ ಮೇಲೋ ಹೊರಿಸುವ ಮೊದಲು ತಾವು ಕುಳಿತ ಕುರ್ಚಿಯನ್ನೊಮ್ಮೆ ತಿರುಗಿ ನೋಡುವುದು ಲೇಸು.

ಕುರ್ಚಿಯನ್ನು ಆರಿಸುವುದಕ್ಕೆ ಬೇಕಾದ ಸಾಧನ ಹೊಲಿಯುವವರ ಬಳಿ ಸದಾ ಇದ್ದೇ ಇರುತ್ತದೆ. ಅಳತೆಯ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಗಟ್ಟಿಯಾದ ಪೀಠದ ಮೇಲೆ ನೆಟ್ಟಗೆ ಕುಳಿತು, ಭುಜಗಳನ್ನು ಸಡಿಲಬಿಟ್ಟು, ಮೊಳಕೈಯನ್ನು ಮಡಿಸಿ, ಮುಂಗೈ ನೆಲಕ್ಕೆ ಸಮಾನವಾಗಿರುವಂತೆ ಹಿಡಿಯಿರಿ. ಪೀಠದಿಂದ ಮೊಳಕೈಯವರೆಗೆ ಎಷ್ಟು ಅಂಗುಲವೆಂಬುದನ್ನು ಮಗಳೋ ಅತ್ತಿಗೆಯೋ ಅಳೆದು ಹೇಳಲಿ. ಆಮೇಲೆ ಬಟ್ಟೆ ಜಾರುವ ಯಂತ್ರದ ತಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆಯಿರಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ಪೀಠದ ಎತ್ತರ. ಕಾಲಿನ ಯಂತ್ರದ ಮೇಜು ಸುಮಾರು 30 ಅಂಗುಲವಿರುತ್ತದೆಂದು ಇಟ್ಟುಕೊಳ್ಳೋಣ. ನಿಮ್ಮ ಮೊಳಕೈ ಪೀಠದಿಂದ 9 ಅಂಗುಲ ಮೇಲಿದ್ದರೆ ಪೀಠ 21 ಅಂಗುಲವಿರಬೇಕಾಯಿತು. ಅಂಗಡಿಯಲ್ಲಿ ಸಿಗುವ ಕುರ್ಚಿಗಳ ಪೀಠವೋ 17, 18 ಅಂಗುಲ. ಕೊರತೆ ಬಿದ್ದ ಆ ಮೂರು ಅಂಗುಲವನ್ನು ಹೊಲಿಯುವವಳು ಭುಜಗಳನ್ನು ಮೇಲಕ್ಕೆತ್ತಿ ತುಂಬಿಕೊಡುತ್ತಾಳೆ. ದಿನವೆಲ್ಲ ಹೀಗೆ ಭುಜ ಎತ್ತಿ ಹಿಡಿದಿದ್ದೇನೆಂಬುದು ಅವಳಿಗೇ ತಿಳಿದಿರುವುದಿಲ್ಲ.

ಇಲ್ಲಿ ಒಂದು ವ್ಯಾಜ್ಯವಿದೆ. ಕೈಗೆ ಹಿತವಾಗಲೆಂದು ಪೀಠವನ್ನು ಎತ್ತರಿಸಿದರೆ ಕಾಲು ಗೊಣಗುತ್ತದೆ. ನಮ್ಮ ಹೆಂಗಸರಲ್ಲಿ ಬಹುಮಂದಿ ಅಷ್ಟೇನೂ ಎತ್ತರದವರಲ್ಲ. 21 ಅಂಗುಲದ ಪೀಠದ ಮೇಲೆ ಕುಳಿತರೆ ಪಾದ ನೆಲಕ್ಕೆ ತಾಗದೆ ತೂಗುತ್ತದೆ, ಪೀಠದ ಮುಂದಣ ಅಂಚು ತೊಡೆಯ ಅಡಿಗೆ ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ತುಳಿಯುವ ಯಂತ್ರದಲ್ಲಿ ಈ ವ್ಯಾಜ್ಯ ಅರ್ಧ ತಾನಾಗಿಯೇ ಪರಿಹಾರವಾಗುವುದು, ಏಕೆಂದರೆ ತುಳಿಹಲಗೆ ನೆಲದಿಂದ ಕೆಲವು ಅಂಗುಲ ಮೇಲಿರುತ್ತದೆ. ಆದರೂ ಹಿಮ್ಮಡಿ ಸಹಿತ ಇಡೀ ಪಾದ ಹಲಗೆಯ ಮೇಲೆ ಕೂರದೆ ಬರಿಯ ತುದಿಬೆರಳಿನಿಂದ ತುಳಿಯಬೇಕಾದರೆ ಪೀಠವನ್ನು ಒಂದಂಗುಲ ಇಳಿಸಿ. ತೊಡೆ ಮೊಣಕಾಲಿನ ಕಡೆಗೆ ತುಸು ಇಳಿಜಾರಾಗಿರುವುದು ದೋಷವಲ್ಲ. ನಡುವಿಗೆ ಅದರಿಂದ ಹಿತವೇ. ವಿದ್ಯುತ್ ಯಂತ್ರವಾದರೆ ಪೀಠವನ್ನು ಕೈಗೆ ಬೇಕಾದಷ್ಟು ಎತ್ತರಿಸಿ, ಕಾಲಿನ ಕೆಳಗೆ ಮರದ ಹಲಗೆಯನ್ನಿಡಿ. ಒತ್ತುಗುಂಡಿಯೊಂದನ್ನೇ ಹಲಗೆಯ ಮೇಲಿರಿಸಿ ಇನ್ನೊಂದು ಪಾದವನ್ನು ತೂಗಬಿಡಬಾರದು. ಎರಡೂ ಪಾದಗಳಿಗೆ ಸ್ಥಳವಿರಲಿ. ಹಲಗೆ ಜಾರದಂತೆ ಅಡಿಗೆ ರಬ್ಬರಿನ ತುಂಡೊಂದನ್ನು ಹಾಸಿದರಾಯಿತು.

ಊಟದ ಮೇಜಿನ ಮೇಲೆ ವಿದ್ಯುತ್ ಯಂತ್ರವನ್ನಿಟ್ಟು ಹೊಲಿಯುವವರಿಗೆ ಒಂದು ಮಾತು. ಮೇಜಿನ ಎತ್ತರದ ಮೇಲೆ ಯಂತ್ರದ ತಟ್ಟೆ ಇನ್ನೂ ಮೂರು ನಾಲ್ಕು ಅಂಗುಲ ಏರಿರುತ್ತದೆ. ಅದಕ್ಕೆ ತಕ್ಕಂತೆ ಪೀಠ ಏರಿಸುವುದೆಂದರೆ ಏಣಿ ಹತ್ತಿದಂತೆಯೇ. ಅಂಥವರು ಕುರ್ಚಿಯ ಗೊಡವೆ ಬಿಟ್ಟು ತಗ್ಗಾದ ಮೇಜೊಂದನ್ನು ಮಾಡಿಸಿಕೊಳ್ಳುವುದೇ ಮೇಲು.

ಎತ್ತರ ನಿಶ್ಚಯವಾದ ಮೇಲೆ ಉಳಿದುವೆಲ್ಲ ಸುಲಭ. ಕುರ್ಚಿಗೆ ಕೈಗಳು ಬೇಡವೇ ಬೇಡ. ಅವು ಮೇಜಿಗೆ ತಾಗಿ ನಿಮ್ಮನ್ನು ಸೂಜಿಯಿಂದ ದೂರವೇ ನಿಲ್ಲಿಸುತ್ತವೆ, ಬಟ್ಟೆ ನಡೆಸುವ ಮೊಳಕೈಗೂ ಅಡ್ಡ ಬರುತ್ತವೆ. ಬೆನ್ನು ಒರಗಿ ಕುಳಿತಾಗ ಪೀಠದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ಬೆರಳಿನಷ್ಟು ತೆರಪಿರಬೇಕು. ಬೆನ್ನಿನ ಪಟ್ಟಿ ಭುಜದವರೆಗೆ ಏರಬೇಕಾಗಿಲ್ಲ. ಸೊಂಟದ ಮೇಲಣ ಒಳಬಾಗಿಗೆ ತಾಗಿದರೆ ಸಾಕು. ಕುರ್ಚಿ ಆಳವಾಗಿದ್ದರೆ ಅಲ್ಲಿ ಒಂದು ದುಂಡುದಿಂಬನ್ನು ಇರಿಸಿಕೊಳ್ಳಬಹುದು.

ಇಂದು ಮನೆಮನೆಯಲ್ಲೂ ಇರುವ ಪ್ಲಾಸ್ಟಿಕ್ ಕುರ್ಚಿ ಮದುವೆಮನೆಗೆ ಬಹಳ ಚೆನ್ನ, ಹೊಲಿಗೆಗೆ ಅಲ್ಲ. ಅಗಲವಾದ ಕೈ, ತಗ್ಗು ಪೀಠ, ಹಿಂದಕ್ಕೆ ಜಾರುವ ಇಳಿಜಾರು, ಬಲವಾಗಿ ತುಳಿದರೆ ಬಳುಕುವ ಕಾಲು. ಬೇಡವಾದ ಗುಣಗಳೆಲ್ಲ ಒಂದೆಡೆ ಸೇರಿವೆ. ಕಚೇರಿಯ ತಿರುಗುಕುರ್ಚಿಯನ್ನು ಎತ್ತರಕ್ಕೆ ಬೇಕಾದಂತೆ ಹೊಂದಿಸಬಹುದೆಂಬುದು ನಿಜ. ಆದರೆ ಅದರ ಚಕ್ರಗಳನ್ನು ಮರೆಯಬಾರದು: ತುಳಿಹಲಗೆಯನ್ನು ಒತ್ತಿದೊಡನೆ ನುಣುಪಾದ ನೆಲದ ಮೇಲೆ ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಅದನ್ನು ತಡೆಯುವುದರಲ್ಲೇ ಅರ್ಧ ಶಕ್ತಿ ವ್ಯಯವಾಗುತ್ತದೆ. ಸೀರೆಯ ನೆರಿಗೆ ಚಕ್ರಕ್ಕೆ ಸಿಕ್ಕುವ ಭಯ ಬೇರೆ. ವಿದ್ಯುತ್ ಯಂತ್ರದವರು ಚಕ್ರಗಳನ್ನು ತೆಗೆಸಿ ರಬ್ಬರಿನ ಗುಬ್ಬಿ ಹಾಕಿಸಿಕೊಂಡರೆ ಅದು ಉತ್ತಮ ಕುರ್ಚಿಯೇ ಸರಿ. ಬೆತ್ತದ ಪೀಠ ನಮ್ಮ ಸೆಕೆಗೆ ತಂಪು. ಹೊಸದಿರುವಾಗ ಅದಕ್ಕೆ ಸಮನಾದುದಿಲ್ಲ. ನಡುವೆ ಜೋತುಬಿದ್ದಿತೆಂದರೆ ಮಾತ್ರ ಚೌಕಟ್ಟಿನ ಮರವೇ ತೊಡೆಗೆ ಒತ್ತತೊಡಗುತ್ತದೆ. ಬೆತ್ತ ಹೆಣೆಯುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಾಲ ಹೋಯಿತಾದ್ದರಿಂದ ತೇಗದ ಅಥವಾ ಹಲಸಿನ ಹಲಗೆಯ ಪೀಠವೇ ಕ್ಷೇಮ. ಅದರ ಮೇಲೆ ಎರಡಂಗುಲದ ಗಟ್ಟಿ ಮೆತ್ತೆ ಸಾಕು. ಬೂರುಗದ ಹತ್ತಿ ಮೃದುವೆಂದು ಹೆಚ್ಚು ತುಂಬಬೇಡಿ. ತಿಂಗಳೊಳಗೆ ಒತ್ತಿ ಹೋಗಿ ನೀವು ಕಷ್ಟಪಟ್ಟು ಕಂಡುಕೊಂಡ ಎತ್ತರವನ್ನು ತಿಂದುಹಾಕುತ್ತದೆ. ಮೆತ್ತೆಯ ಮೇಲೆ ಕುಳಿತ ಮೇಲೆಯೇ ಎತ್ತರವನ್ನು ಅಳೆಯತಕ್ಕದ್ದು.

ಕೌದಿಯ ವಿಷಯವೇ ಬೇರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹರಡಿ, ತುಂಡುಬಟ್ಟೆಗಳನ್ನು ಜೋಡಿಸಿ, ಕೈಯಿಂದಲೇ ಸಾಲುಹೊಲಿಗೆ ಹಾಕುವ ಈ ಹೊದಿಕೆ ಹುಟ್ಟಿದ್ದು ಕುರ್ಚಿಯ ಮೇಲಲ್ಲ, ನೆಲದ ಮೇಲೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸ್ತ್ರೀಯರು ಕವಂದಿಯೆಂದು ಕರೆಯುವ ತಮ್ಮ ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ಕೊನೆಗೆ ನಡುವನ್ನು ಮುಟ್ಟುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫೂಲ’ ಹಚ್ಚದಿದ್ದರೆ ಅದು ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಈ ಕ್ರಮದಲ್ಲಿರುವ ಜಾಣತನವನ್ನು ಗಮನಿಸಿ. ಬಟ್ಟೆಯ ಭಾರವನ್ನೆಲ್ಲ ನೆಲ ಹೊತ್ತಿರುತ್ತದೆ. ಕೌದಿ ಇದ್ದಲ್ಲಿಯೇ ಇರುತ್ತದೆ, ಹೊಲಿಯುವವಳು ಅದರ ಸುತ್ತ ಸರಿಯುತ್ತಾಳೆ. ಸರಿಯುತ್ತಿರುವುದರಿಂದಲೇ ಮೈ ಒಂದೇ ಭಂಗಿಯಲ್ಲಿ ಬಿಗಿದುಕೊಳ್ಳುವುದಿಲ್ಲ. ನೆಲದ ಮೇಲೆ ಕೂರಬಲ್ಲವರು ಆ ರೂಢಿಯನ್ನು ಬಿಡಬೇಕಾಗಿಲ್ಲ. ಎರಡು ಮೂರು ಅಂಗುಲದ ಮಣೆಯ ಮೇಲೋ ಮಡಿಚಿದ ಕಂಬಳಿಯ ಮೇಲೋ ಕುಳಿತು ಮೊಣಕಾಲಿಗಿಂತ ಸೊಂಟ ಮೇಲಿರುವಂತೆ ಮಾಡಿಕೊಂಡರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಮೊಣಕಾಲು ಮಡಿಸಲಾಗದ ಹಿರಿಯರಿಗೆ 15 ಅಂಗುಲದಷ್ಟು ತಗ್ಗಾದ, ಕೈಗಳಿಲ್ಲದ ಕುರ್ಚಿ ಒಪ್ಪುತ್ತದೆ. ತೊಡೆಯ ಮೇಲೊಂದು ದಿಂಬನ್ನಿಟ್ಟು ಅದರ ಮೇಲೆ ಕೆಲಸ ಹರಡಿಕೊಂಡರೆ ಕತ್ತು ಅಷ್ಟು ಬಾಗಬೇಕಾಗುವುದಿಲ್ಲ. ಅಮೆರಿಕದ ಹಳೆಯ ಮನೆಗಳಲ್ಲಿ ಹೊಲಿಗೆಗೆಂದೇ ಇಂಥ ಕೈಗಳಿಲ್ಲದ ಸಣ್ಣ ತೂಗುಕುರ್ಚಿಗಳಿರುತ್ತಿದ್ದವು.

ಅದೇ ಕೌದಿಯನ್ನು ಯಂತ್ರದ ಮೇಲೆ ಹಾಕಿದಿರೋ, ವ್ಯವಹಾರವೆಲ್ಲ ತಲೆಕೆಳಗು. ಈಗ ನೀವು ಸ್ಥಿರ, ಬಟ್ಟೆ ಚರ. ಇಮ್ಮಡಿ ಮಂಚದ ಹೊದಿಕೆ ಮೇಜಿನಿಂದ ಕೆಳಗೆ ಜೋತುಬಿದ್ದು ಸೂಜಿಯನ್ನೂ ಎಳೆಯುತ್ತದೆ, ನಿಮ್ಮ ಎಡಭುಜವನ್ನೂ ಎಳೆಯುತ್ತದೆ. ಎಂಥ ಕುರ್ಚಿಯೂ ಈ ಎಳೆತವನ್ನು ತಡೆಯಲಾರದು. ಯಂತ್ರದ ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಮೇಜನ್ನೋ ಪೆಟ್ಟಿಗೆಯನ್ನೋ ತಂದು ಸೇರಿಸಿ ಬಟ್ಟೆಯ ಭಾರವನ್ನು ಅದಕ್ಕೆ ಒಪ್ಪಿಸಬೇಕು. ಅಂಗೈಯಿಂದ ದೂಡಬೇಕಾದ ಕೆಲಸವಾದ್ದರಿಂದ ಪೀಠ ಅರ್ಧ ಅಂಗುಲ ಹೆಚ್ಚೇ ಇದ್ದರೂ ಬಾಧಕವಿಲ್ಲ.

ಇಷ್ಟೆಲ್ಲ ಒಂದು ಕುರ್ಚಿಗಾಗಿಯೇ ಎಂದು ಯಜಮಾನರು ಕೇಳಿಯಾರು. ಅವರ ಕಚೇರಿಯ ಕುರ್ಚಿ ಏರಿಳಿಯುತ್ತದೆ, ತಿರುಗುತ್ತದೆ, ಬೆನ್ನಿಗೆ ಜಾಲರಿಯ ಒರಗು ಇರುತ್ತದೆ. ಅದು ಐಷಾರಾಮವೆಂದು ಯಾರೂ ಅನ್ನುವುದಿಲ್ಲ. 1948ರ ಕಾರ್ಖಾನೆಗಳ ಕಾಯಿದೆ, ನಿಂತು ದುಡಿಯಬೇಕಾದವರಿಗೆ ಸಂದರ್ಭ ಸಿಕ್ಕಾಗ ಕುಳಿತುಕೊಳ್ಳುವ ಅನುಕೂಲವಿರಬೇಕೆಂದು 44ನೆಯ ಪ್ರಕರಣದಲ್ಲಿ ವಿಧಿಸಿತು. ಮನೆಯ ಹಿಂದಣ ಕೋಣೆಯಲ್ಲಿ ಕುಳಿತು ನೆರೆಕರೆಯವರ ರವಿಕೆ ಹೊಲಿದು, ಸೀರೆಗಳಿಗೆ ಫಾಲ್ ಹಚ್ಚಿ, ಮಗನ ಕಾಲೇಜಿನ ಶುಲ್ಕ ಕಟ್ಟುವವಳ ಬಳಿಗೆ ಯಾವ ತನಿಖಾಧಿಕಾರಿಯೂ ಬರುವುದಿಲ್ಲ. ಅವಳ ನಡು ಬಿದ್ದಿತೆಂದರೆ ಮೊದಲು ನಿಲ್ಲುವುದು ಆ ಸಂಪಾದನೆ. ಮೂರು ತಿಂಗಳು ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಮಲಗುವ ವೆಚ್ಚದೊಡನೆ ಬಡಗಿಯ ಒಂದು ದಿನದ ಕೂಲಿಯನ್ನು ಹೋಲಿಸಿ ನೋಡಲಿ.

ಹೊಸ ಕುರ್ಚಿಯನ್ನೇ ಕೊಳ್ಳಬೇಕೆಂದಿಲ್ಲ. ಗಟ್ಟಿಮುಟ್ಟಾದ ಹಳೆಯ ಮರದ ಕುರ್ಚಿಯೊಂದಿದ್ದರೆ ಬಡಗಿಯನ್ನು ಕರೆಸಿ ಕೈಗಳನ್ನು ಕೊಯ್ಯಿಸಿ, ಕಾಲುಗಳಿಗೆ ಬೇಕಾದಷ್ಟು ಎತ್ತರದ ಮರದ ಗಟ್ಟಿಗಳನ್ನು ಕೂಡಿಸಿ. ಹಿಂಗಾಲುಗಳ ಗಟ್ಟಿ ಮುಂಗಾಲಿನದಕ್ಕಿಂತ ಕಾಲು ಅಂಗುಲ ಹೆಚ್ಚಿದ್ದರೆ ಪೀಠ ಮುಂದಕ್ಕೆ ತುಸು ವಾಲಿ ಕೆಲಸಕ್ಕೆ ಅನುವಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಜಾರುವಿರಿ. ಪೀಠದ ಮುಂದಣ ಅಂಚನ್ನು ಉಜ್ಜಿ ದುಂಡಗೆ ಮಾಡಿಸಲು ಮರೆಯಬೇಡಿ. ಅಂಗಡಿಯಲ್ಲಿ ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ, ಪೂರ್ತಿ ಹತ್ತು ನಿಮಿಷ ಅದರ ಮೇಲೆ ಮುಂದಕ್ಕೆ ಬಾಗಿ ಕುಳಿತು ನೋಡಬೇಕು. ಅಂಗಡಿಯವನು ಕೆಮ್ಮಲಿ. ಮನೆಗೆ ತಂದ ಮೇಲೆ ಬೆಳಕು ಎಡಗಡೆಯಿಂದ ಬೀಳುವಂತೆ ಇಡಿ. ಬಲಗೈಯ ನೆರಳು ಸೂಜಿಯ ಮೇಲೆ ಬೀಳದು. ಮುಕ್ಕಾಲು ಗಂಟೆಗೊಮ್ಮೆ ಎದ್ದು ಒಲೆಯ ಮೇಲಿನ ಹಾಲನ್ನೋ ಬಾಗಿಲನ್ನೋ ನೋಡಿ ಬನ್ನಿ. ಉತ್ತಮ ಕುರ್ಚಿಯೂ ಇದಕ್ಕೆ ಬದಲಾಗದು.

ಹೀಗೆ ಅಳೆದು ಮಾಡಿಸಿದ ಕುರ್ಚಿಯ ಅಡಿಯಲ್ಲಿ ಬಡಗಿಯಿಂದಲೇ ನಿಮ್ಮ ಹೆಸರು ಕೆತ್ತಿಸಿಬಿಡಿ. ಅತಿಥಿಗಳು ನಾಲ್ವರು ಹೆಚ್ಚಾಗಿ ಬಂದ ದಿನ ಅದನ್ನು ಪಡಸಾಲೆಗೆ ಎಳೆಯಲು ಬರುವವರಿಗೆ ಮಗುಚಿ ತೋರಿಸಬಹುದು.