ಯಾವ ಮಾತ್ರೆ ನುಂಗ್ತೀರಿ ಅಂತ ಕೇಳದವರ ಕೀಟೋ

2020ರ ಅಕ್ಟೋಬರ್‌ನಲ್ಲಿ ನಟಿ ಮಿಷ್ಟಿ ಮುಖರ್ಜಿ ಬೆಂಗಳೂರಿನಲ್ಲಿ ತೀರಿಕೊಂಡರು. ಕೀಟೋ ಡಯಟ್‌ನಿಂದ ಕಿಡ್ನಿ ಹಾಳಾಯಿತು ಎಂದು ಅವರ ಕಡೆಯವರು ಹೇಳಿಕೆ ಕೊಟ್ಟರು. ಕೆಲವು ದಿನ ಟೀವಿ, ಪೇಪರು ಎಲ್ಲ ಕಡೆ ಕೀಟೋವೇ ಕೊಲೆಗಾರ. ಆಮೇಲೆ ಸುದ್ದಿ ತಣ್ಣಗಾಯಿತು, ಕೀಟೋ ವ್ಯಾಪಾರ ತಣ್ಣಗಾಗಲಿಲ್ಲ.

ಒಂದು ಹೇಳಿಕೆ ಇಟ್ಟುಕೊಂಡು ಒಂದು ಊಟದ ಪದ್ಧತಿಗೆ ಕೊಲೆಗಾರ ಪಟ್ಟ ಕಟ್ಟುವುದು ಪತ್ರಿಕೋದ್ಯಮ ಅಲ್ಲ. ಆದರೆ ಅದೇ ಪದ್ಧತಿಯನ್ನು ‘ಮೂರು ತಿಂಗಳಲ್ಲಿ ಶುಗರ್ ಮಾಯ’ ಎಂದು ಮಾರುವುದು ಅದಕ್ಕಿಂತ ದೊಡ್ಡ ತಪ್ಪು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದಿಂದ ಕೆಂಗೇರಿವರೆಗೆ ಜಿಮ್ಮಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಮೊಬೈಲ್ ವಿಡಿಯೊದಲ್ಲಿ ಈಗ ನಡೆಯುತ್ತಿರುವುದು ಇದೇ. ಗಿರಾಕಿಗಳು ಆ ಬಡಾವಣೆಯವರು ಮಾತ್ರ ಅಲ್ಲ. ಮಾಗಡಿ ರಸ್ತೆ, ಮೈಸೂರು ರಸ್ತೆ ಹಿಡಿದು ದಿನಾ ಕೆಲಸಕ್ಕೆ ಬರುವ ನಮ್ಮ ಕಡೆಯ ಡ್ರೈವರ್‌ಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಅಂಗಡಿ ಇಟ್ಟವರೂ ಇದ್ದಾರೆ. ಇವರಲ್ಲಿ ಯಾರಿಗಾದರೂ ತಲೆ ಸುತ್ತಿ ಬಿದ್ದರೆ ಅದು ಸುದ್ದಿ ಆಗುವುದಿಲ್ಲ. ಜಿಲ್ಲೆಯಿಂದ ಸುದ್ದಿ ಕಳಿಸುವ ನಾವು ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಕೀಟೋಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಅದು ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆಂದು ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಇಂದಿಗೂ ಕೊಡುತ್ತಾರೆ. ಪಿಷ್ಟ ಕಡಿಮೆ ಮಾಡಿದರೆ ಸಕ್ಕರೆ ಇಳಿಯುತ್ತದೆ ಎಂಬುದೂ ಸುಳ್ಳಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ನಾವು ತಿನ್ನುವ ಶಕ್ತಿಯಲ್ಲಿ 62 ಪರ್ಸೆಂಟ್ ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟದಿಂದಲೇ ಬರುತ್ತದೆ ಎಂದೂ ಆ ಅಧ್ಯಯನ ಹೇಳಿದೆ. ಬೆಳಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಬೇಕರಿ ಬನ್ನು, ರಾತ್ರಿ ಮತ್ತೆ ಅನ್ನ. ಇದು ಬದಲಾಗಲೇಬೇಕು.

ಮುದ್ದೆ ತಿಂದರೆ ಶುಗರ್ ಬರಲ್ಲ ಎಂಬ ನಮ್ಮ ಹಳ್ಳಿ ಹೆಮ್ಮೆಯನ್ನೂ ಸ್ವಲ್ಪ ಬದಿಗಿಡಿ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲೂ ಹೆಚ್ಚು ಕಡಿಮೆ 70 ಗ್ರಾಂ ಪಿಷ್ಟ ಇದೆ. ಕೀಟೋದಲ್ಲಿ ಇಡೀ ದಿನಕ್ಕೆ ಬಿಡುವುದು 20ರಿಂದ 50 ಗ್ರಾಂ. ಒಂದು ದೊಡ್ಡ ಮುದ್ದೆ ಇಳಿಸಿದರೆ ದಿನದ ಲೆಕ್ಕ ಮುಗಿಯಿತು.

ಹಾಗಾದರೆ ನಮ್ಮ ತಕರಾರು ಏನು? ಮಾರುವವರು ಹೇಳುವ ಅರ್ಧ ಸತ್ಯದ ಮೇಲೆ.

ಮೊದಲನೇ ಅರ್ಧ ಸತ್ಯ, ತೂಕದ್ದು. ಮೊದಲ ವಾರ ಎರಡು ಮೂರು ಕೆಜಿ ಇಳಿಯುತ್ತದೆ, ಫೋಟೊ ಗ್ರೂಪಿಗೆ ಬೀಳುತ್ತದೆ. ಇಳಿದದ್ದರಲ್ಲಿ ಹೆಚ್ಚಿನದು ನೀರು. ಲಿವರ್ ಮತ್ತು ಮಾಂಸಖಂಡದಲ್ಲಿ ಕೂಡಿಟ್ಟ ಪಿಷ್ಟದ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಪಿಷ್ಟ ಖಾಲಿಯಾದಾಗ ಆ ನೀರೂ ಹೋಗುತ್ತದೆ. ಎರಡನೇ ತಿಂಗಳು ಮುಳ್ಳು ಅಲ್ಲಾಡುವುದಿಲ್ಲ. ಯಾಕೆಂದರೆ ಕಾಫಿಗೆ ತುಪ್ಪ, ಊಟಕ್ಕೆ ಪನೀರ್, ಮಧ್ಯೆ ಬಾದಾಮಿ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲರಿಯಾದರೆ ಕೊಬ್ಬಿನಲ್ಲಿ 9. ಈ ಲೆಕ್ಕವನ್ನು ಮೊದಲೇ ಹೇಳುವವರು ಕಡಿಮೆ. ‘ನೀವು ಕದ್ದು ತಿಂದಿದ್ದೀರಿ’ ಎನ್ನುವವರೇ ಜಾಸ್ತಿ.

ಎರಡನೆಯದು ಬೆಳಗಿನ ಶುಗರ್. ಅನ್ನ ಮುಟ್ಟಿಲ್ಲ, ಚಪಾತಿ ಮುಟ್ಟಿಲ್ಲ, ಆದರೂ ಖಾಲಿ ಹೊಟ್ಟೆಯಲ್ಲಿ ಮಿಷನ್ 140 ತೋರಿಸುತ್ತದೆ. ಮನುಷ್ಯ ಕುಸಿದುಹೋಗುತ್ತಾನೆ. ಬೆಳಗಿನ ಜಾವದ ಹಾರ್ಮೋನುಗಳ ಮಾತು ಕೇಳಿ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅದಕ್ಕೆ ಯಾರೂ ಅನ್ನ ತಿನ್ನಬೇಕಿಲ್ಲ. ಒಂದು ಬೆಳಗಿನ ಅಂಕಿ ನೋಡಿ ಗೆದ್ದೆ, ಸೋತೆ ಎನ್ನುವುದು ದಡ್ಡತನ. ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡಬೇಕು. ಅದೂ ಏರುತ್ತಿದ್ದರೆ ಇನ್ನಷ್ಟು ಉಪವಾಸ ಮಾಡುವುದಲ್ಲ, ವೈದ್ಯರ ಹತ್ತಿರ ಹೋಗಬೇಕು.

ಮೂರನೆಯದು ಪ್ರಾಣಕ್ಕೆ ಬರುವಂಥದ್ದು. ಡಯಟ್ ಚಾರ್ಟ್ ಕೊಡುವವರು ಎತ್ತರ ಕೇಳುತ್ತಾರೆ, ತೂಕ ಕೇಳುತ್ತಾರೆ, ಫೀಸು ಕೇಳುತ್ತಾರೆ. ಯಾವ ಮಾತ್ರೆ ನುಂಗುತ್ತೀರಿ ಎಂದು ಎಷ್ಟು ಜನ ಕೇಳುತ್ತಾರೆ?

ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಮುದ್ದೆ ಬಿಟ್ಟರೆ ಔಷಧಿ ಮಾತ್ರ ಹಳೇ ಲೆಕ್ಕದಲ್ಲೇ ಕೆಲಸ ಮಾಡುತ್ತದೆ. ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಬೆವರು, ನಡುಕ, ಮಂಪರು. ನಾಗರಬಾವಿ ಸರ್ಕಲ್‌ನಲ್ಲಿ ಆಟೊ ಓಡಿಸುವಾಗ ಹೀಗಾದರೆ ಏನು ಗತಿ?

ಇನ್ನೊಂದು ಗುಂಪು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆಗಳು, ಹೃದಯಕ್ಕೂ ಕಿಡ್ನಿಗೂ ಒಳ್ಳೆಯವು. ಆದರೆ ಇವುಗಳ ಜೊತೆ ಪಿಷ್ಟ ಪೂರ್ತಿ ಬಿಟ್ಟರೆ ದೇಹದಲ್ಲಿ ಕೀಟೋನ್ ಮಿತಿಮೀರಿ ರಕ್ತವೇ ಆಮ್ಲವಾಗುವ ಅಪಾಯ ಹೆಚ್ಚು. ಅದಕ್ಕೆ ಕೀಟೋಆಸಿಡೋಸಿಸ್ ಎನ್ನುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಮೋಸ ಎಲ್ಲಿದೆ ಎಂದರೆ, ಆಗಲೂ ಗ್ಲುಕೋಮೀಟರ್ ಹೆಚ್ಚು ಸಕ್ಕರೆ ತೋರಿಸದೇ ಇರಬಹುದು. ಮನೆಯವರು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾರೆ. ಈ ಮಾತ್ರೆಗಳಿಂದ ಕೀಟೋಆಸಿಡೋಸಿಸ್ ಆಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಎಚ್ಚರಿಸಿತ್ತು. ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ ನಮ್ಮಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ದು 2025ರ ಮಾರ್ಚ್‌ನಲ್ಲಿ. ಬೆಲೆ ಇಳಿದು ಬಡವರ ಕೈಗೂ ಸಿಕ್ಕಿತು, ಸಂತೋಷ. ಆದರೆ ಮಾತ್ರೆ ಅಗ್ಗವಾಯಿತು, ಕೀಟೋ ವಿಡಿಯೊ ಪುಕ್ಕಟೆ ಸಿಗುತ್ತಿದೆ. ಎರಡೂ ಒಂದೇ ಮನೆಯೊಳಗೆ ಬಂದಾಗ ಎಚ್ಚರಿಸುವವರು ಯಾರು?

ಕಾನೂನು ಎಚ್ಚರಿಸುತ್ತದೆಯೇ? ಮಧುಮೇಹ, ಬೊಜ್ಜು ವಾಸಿ ಮಾಡುತ್ತೇವೆ ಎಂದು ಔಷಧಿ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ. ಆದರೆ ದೇಹದ ಮೇಲೆ ಪರಿಣಾಮ ಬೀರುವ ವಸ್ತುಗಳನ್ನು ಔಷಧಿ ಎಂದು ಗುರುತಿಸುವಾಗ ಆ ಕಾಯ್ದೆ ಆಹಾರವನ್ನು ಹೊರಗಿಟ್ಟಿದೆ. ಪುಡಿ ಮಾರಿ ‘ಶುಗರ್ ಮಾಯ’ ಎಂದರೆ ಅಪರಾಧ, ಪನೀರ್ ಪಟ್ಟಿ ಮಾರಿ ಅದೇ ಮಾತು ಹೇಳಿದರೆ ಜಾರಿಕೊಳ್ಳಲು ದಾರಿ ಇದೆ. ಆರೋಗ್ಯ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ವಿದ್ಯಾರ್ಹತೆ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ಮೊಬೈಲ್‌ನಲ್ಲಿರುವ ಕೀಟೋ ವಿಡಿಯೊಗಳನ್ನು ಈಗಲೇ ತೆರೆದು ನೋಡಿ, ಎಷ್ಟು ಜನ ಹೇಳಿದ್ದಾರೆ ಎಂದು ನೀವೇ ಎಣಿಸಿ.

ಕೀಟೋ ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ದುಡ್ಡು ತೆಗೆದುಕೊಂಡು ಡಯಟ್ ಚಾರ್ಟ್ ಕೊಡುವ ಪ್ರತಿಯೊಬ್ಬರೂ ಗಿರಾಕಿಯ ಮಾತ್ರೆ ಚೀಟಿ ನೋಡಿ ಬರೆದಿಟ್ಟುಕೊಳ್ಳುವುದು ಕಡ್ಡಾಯವಾಗಲಿ. ಶುಗರ್ ಮಾತ್ರೆ ಇದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ಚಾರ್ಟ್ ಕೊಡಬಾರದು. ನಮ್ಮ ಕ್ಲಿನಿಕ್‌ಗಳ ಗೋಡೆ ಮೇಲೆ ಈ ಮಾತ್ರೆಗಳ ಹೆಸರು ಬರೆದು, ‘ಇವು ನುಂಗುವವರು ವೈದ್ಯರನ್ನು ಕೇಳದೆ ಊಟ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ’ ಎಂದು ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ. ಇದಕ್ಕೆ ಕೋಟಿಗಟ್ಟಲೆ ಬಜೆಟ್ ಬೇಕಿಲ್ಲ.

ತಟ್ಟೆಯ ಅನ್ನ ಅರ್ಧ ಮಾಡಿ, ಕಾಳು ಸೊಪ್ಪು ಹೆಚ್ಚಿಸಿ, ಊಟವಾದ ಮೇಲೆ ನಡೆಯುವುದಕ್ಕೆ ಯಾರಿಗೂ ಫೀಸು ಕೊಡಬೇಕಿಲ್ಲ. ಅದರಾಚೆ ಹೋಗಿ ಕೀಟೋ ಮಾಡಲೇಬೇಕು ಅನ್ನಿಸಿದರೆ ಮಾಡಿ. ಆದರೆ ಚಾರ್ಟ್ ಕೈಗೆ ಬರುವ ಮೊದಲು ನಿಮ್ಮ ಮಾತ್ರೆ ಚೀಟಿ ಅವರ ಮುಂದಿಡಿ. ಅದನ್ನು ಓದಲು ಬಾರದವರ ಕೈಗೆ ನಿಮ್ಮ ಊಟ ಕೊಡಬೇಡಿ.