ಹಚ್ಚಿದ ಮುಲಾಮು ಎಲ್ಲಿಗೆ ಹೋಗುತ್ತದೆ?

ಮದುವೆ ನಿಶ್ಚಯವಾದೊಡನೆ ಮೆಡಿಕಲ್ ಅಂಗಡಿಯಿಂದ ಬಿಳುಪಿನ ಟ್ಯೂಬ್ ತರಿಸುವ ಹೆಣ್ಣು ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. “ಹೊಟ್ಟೆಗೆ ತೆಗೆದುಕೊಳ್ಳುವ ಮದ್ದಲ್ಲವಲ್ಲ, ಹೊರಗಿನಿಂದ ಹಚ್ಚುವುದು ತಾನೇ?” ಎಂದು ತಾಯಂದಿರೂ ಸುಮ್ಮನಿರುತ್ತಾರೆ. ಆದರೆ ಹಚ್ಚಿದ್ದು ಹೊರಗೇ ಉಳಿಯುತ್ತದೆಯೇ?

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಚರ್ಮ ತಜ್ಞರಾದ ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂದಿಗೂ ಪ್ರಸಿದ್ಧ. ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮದ್ದಿಗೆ ವಿಕಿರಣದ ಗುರುತು ಹಾಕಿ ದೇಹದ ಬೇರೆ ಬೇರೆ ಭಾಗಗಳಿಗೆ ಹಚ್ಚಿದರು. ಬಳಿಕ ಐದು ದಿನಗಳ ಮೂತ್ರವನ್ನು ಸಂಗ್ರಹಿಸಿ, ಗುರುತಿನ ಮದ್ದು ಎಷ್ಟು ಹೊರಬಂತೆಂದು ಲೆಕ್ಕ ಹಾಕಿದರು. ಮುಂಗೈಯ ಒಳಬದಿಯಲ್ಲಿ ಒಳಹೋದದ್ದು ನೂರಕ್ಕೆ ಒಂದರಷ್ಟು ಮಾತ್ರ. ಅಂಗಾಲಿನಲ್ಲಿ ಅದರ ಏಳನೆಯ ಒಂದು ಪಾಲು. ಹಣೆಯಲ್ಲಿ ಆರು ಪಟ್ಟು, ದವಡೆಯ ಬದಿಯಲ್ಲಿ ಹದಿಮೂರು ಪಟ್ಟು! ಮದ್ದು ಅದೇ, ವ್ಯತ್ಯಾಸ ಚರ್ಮದ್ದು.

ಚರ್ಮದ ತೀರಾ ಹೊರಗಿನ ಪದರವೇ ಇಲ್ಲಿ ಕಾವಲುಗಾರ. ಬಹುಭಾಗ ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಅಷ್ಟೇ.

ಹೈಡ್ರೋಕಾರ್ಟಿಸೋನ್ ಸೌಮ್ಯವಾದ ಸ್ಟಿರಾಯ್ಡ್. ಬಿಳುಪಿಗೆಂದು ಬಳಕೆಯಾಗುವ ಎಷ್ಟೋ ಟ್ಯೂಬ್‌ಗಳಲ್ಲಿರುವುದು ಮೊಮೆಟಾಸೋನ್‌ನಂತಹ ಅದಕ್ಕಿಂತ ಪ್ರಬಲವಾದದ್ದು. ಅದನ್ನು ಹೆಚ್ಚು ಹೀರುವ ಮುಖಕ್ಕೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕೆಂಪಗೆ ಕಾಣಿಸುತ್ತವೆ, ಮೊಡವೆ, ರೋಮ ಹೆಚ್ಚುತ್ತವೆ. ನಿಲ್ಲಿಸಿದರೆ ಉರಿ, ಕೆಂಪು. ಆ ಉರಿಗೆ ಹೆದರಿ ಮತ್ತೆ ಅದೇ ಟ್ಯೂಬ್! 2018ರಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳಿವೆ.

ಎಳೆಯ ಮಗುವಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಮುಲಾಮು ಹಚ್ಚಿ ಮೇಲೆ ಬಿಗಿಯಾಗಿ ನ್ಯಾಪಿ ಕಟ್ಟಿದರೆ ಬೆವರು, ತೇವದಿಂದ ಮದ್ದು ಮತ್ತಷ್ಟು ಒಳಗಿಳಿಯುತ್ತದೆ. ದೊಡ್ಡವರಿಗೆ ತಂದ ಟ್ಯೂಬನ್ನು ಮಗುವಿನ ತೊಡೆಸಂದಿಗೆ ಹಚ್ಚಲೇಬೇಡಿ.

ಹಾಗೆಂದು ವೈದ್ಯರು ಕೊಟ್ಟ ಮುಲಾಮಿಗೆ ಹೆದರಬೇಕಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಈಗಾಗಲೇ ತಿಂಗಳುಗಳಿಂದ ಮುಖಕ್ಕೆ ಹಚ್ಚುತ್ತಿರುವವರು ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮ ವೈದ್ಯರ ಬಳಿ ಹೋಗಿ. ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.