ನಿಮ್ಮೂರ ಗೋಮಾಳ ಎಲ್ಲಿದೆ, ಕೇಳಿ

ಪಹಣಿಯಲ್ಲಿ ಹೆಸರಿಲ್ಲದವರಿಗೂ ನಮ್ಮ ಊರುಗಳಲ್ಲಿ ಒಂದಿಷ್ಟು ನೆಲವಿತ್ತು. ಎರಡು ಮೇಕೆ ಕಟ್ಟಿಕೊಂಡ ವಿಧವೆ, ಕೂಲಿಯಿಲ್ಲದ ದಿನ ಸೌದೆ ಹೊರೆ ಮಾರುವ ಕುಟುಂಬ, ಹಂಚಿಕಡ್ಡಿ ತಂದು ಪೊರಕೆ ಕಟ್ಟುವವರು, ಹೊಂಗೆ ಬೀಜ ಬೇವಿನ ಬೀಜ ಆಯುವ ಮುದುಕಿಯರು, ಸೀತಾಫಲ ಕಿತ್ತು ಸಂತೆಗೆ ಒಯ್ಯುವ ಮಕ್ಕಳು ಎಲ್ಲರೂ ಯಾರ ಅಪ್ಪಣೆಯನ್ನೂ ಕೇಳದೆ ಅಲ್ಲಿಗೆ ಹೋಗುತ್ತಿದ್ದರು. ಹಳೇ ಮೈಸೂರಿನ ಕಡೆ ಅದು ಗೋಮಾಳ, ಉತ್ತರ ಕರ್ನಾಟಕದಲ್ಲಿ ಗಾಯರಾಣ. ಅದರ ಜೊತೆಗೆ ಗುಂಡುತೋಪು, ಕೆರೆ ಅಂಗಳ, ಬಂಡಿದಾರಿ, ಕಾವಲು. ಈ ನೆಲ ನಮ್ಮ ಕಣ್ಣೆದುರಿಗೇ ಕರಗಿಹೋಗುತ್ತಿದೆ. ಕರಗಿಸುತ್ತಿರುವವರಲ್ಲಿ ನಾವೂ ಇದ್ದೇವೆ. ಅದಕ್ಕಾಗಿ ಈ ಕರೆ.

ಕಾನೂನು ಈ ಜಾಗವನ್ನು ಅನಾಥವಾಗಿ ಬಿಟ್ಟಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಮಿನಡಿ ಊರಿನ ದನಕರು ಮೇಯಲೆಂದು ಸರ್ಕಾರಿ ಜಮೀನನ್ನು ಮೀಸಲಿಡಲಾಗುತ್ತದೆ. ಹಾಗೆ ಮೀಸಲಿಟ್ಟದ್ದನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 1966ರ ನಿಯಮಗಳಲ್ಲಿ 97ನೆಯದು ಅಳತೆಯನ್ನೂ ಹೇಳಿದೆ: 100 ರಾಸುಗಳಿಗೆ 30 ಎಕರೆ. ಆದರೆ ಗೋಮಾಳವನ್ನು ಕಡಿಮೆ ಮಾಡುವ ಅಧಿಕಾರವೂ ಅದೇ ಕಾನೂನಿನೊಳಗಿದೆ. ಜಾನುವಾರು ಇಳಿದಿವೆ ಎಂದು ಒಂದು ವರದಿ ಹೋಗುತ್ತದೆ, ಇಷ್ಟು ಎಕರೆ ಹೆಚ್ಚುವರಿ ಎಂದು ಷರಾ ಬೀಳುತ್ತದೆ, ಹಂಚಿಕೆ ಶುರುವಾಗುತ್ತದೆ. ಮೇವು ಸಿಗದೆ ದನ ಮಾರಿಕೊಂಡವರ ಊರಿನಲ್ಲಿ ದನ ಕಡಿಮೆಯಾದದ್ದೇ ಮೇವಿನ ಜಾಗ ಕಿತ್ತುಕೊಳ್ಳಲು ಕಾರಣವಾಗುತ್ತದೆ. ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿಲ್ಲ.

ಚಳ್ಳಕೆರೆ ಸೀಮೆಯನ್ನು ನೋಡಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯ ಪರಂಪರೆಗೆ ಸೇರಿದ ಕಾವಲುಗಳವು. ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆದ ಎತ್ತುಗಳು ಈ ಹುಲ್ಲು ತಿಂದೇ ಬೆಳೆದವು. ದಂಡಿನ ಕಾಲ ಮುಗಿದ ಮೇಲೂ ಕಾವಲು ಊರವರ ಬದುಕಾಗಿ ಉಳಿಯಿತು. ನಾಯಕನಹಟ್ಟಿ, ದೊಡ್ಡ ಉಳ್ಳಾರ್ತಿ, ಕುದಾಪುರದ ಸುತ್ತ ಕುರಿ ಮೇಯಿಸುವವರು, ಆ ಉಣ್ಣೆಯಿಂದ ಕಂಬಳಿ ನೇಯುವವರು, ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಇದೇ ಹುಲ್ಲನ್ನು ನಂಬಿದವರು. ನಾಡಿನ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಬೆಳೆ ಕೈಕೊಟ್ಟ ವರ್ಷ ಮನೆ ಹಿಡಿದು ನಿಲ್ಲಿಸುವುದು ಕುರಿ. ಕುರಿಯನ್ನು ಉಳಿಸುವುದು ಕಾವಲು.

2008ರ ನಂತರದ ಎರಡು ಮೂರು ವರ್ಷಗಳಲ್ಲಿ ಈ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಮತ್ತು ಉನ್ನತ ವಿಜ್ಞಾನದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಗೋಡೆ ಏಳತೊಡಗಿದ ಮೇಲೆಯೇ ಅನೇಕರಿಗೆ ಇದು ತಿಳಿದದ್ದು. ಹಸಿರು ನ್ಯಾಯಮಂಡಳಿಗೆ ದೂರು ಹೋಯಿತು, ಊರವರು ಬೀದಿಗಿಳಿದರು, ಗೋಡೆ ಮಾತ್ರ ನಿಂತಿತು. ವಿಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. ಹುಲ್ಲು ಬೆಳೆದ ಬಯಲನ್ನು ಬಳಸದೇ ಬಿದ್ದ ಜಾಗವೆಂದು ಕಡತದಲ್ಲಿ ಕಾಣುವ ಕಣ್ಣನ್ನು ಪ್ರಶ್ನಿಸುತ್ತಿದ್ದೇನೆ. ಆ ಕಣ್ಣು ಹೊಲವನ್ನು ಗುರುತಿಸುತ್ತದೆ, ಕಟ್ಟಡವನ್ನು ಗುರುತಿಸುತ್ತದೆ. ಬೆಳಿಗ್ಗೆ ಬಂದು ಸಂಜೆ ಹಟ್ಟಿಗೆ ಮರಳುವ ಮಂದೆ ಅದಕ್ಕೆ ಕಾಣುವುದೇ ಇಲ್ಲ.

ಖಾಸಗಿ ಜಮೀನಿನಲ್ಲೂ ಇದೇ ಕುರುಡು. ಪಾವಗಡದ ಸೌರ ಪಾರ್ಕಿಗಾಗಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಭೂಸ್ವಾಧೀನಕ್ಕಿಂತ ಅದು ಎಷ್ಟೋ ಮೇಲು, ಒಪ್ಪುತ್ತೇನೆ. ಆದರೆ ಹಣ ಬಂದದ್ದು ಪಹಣಿ ಇದ್ದವರಿಗೆ. ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸಿಕೊಂಡು, ಮಂದೆ ನಿಲ್ಲಿಸಿ ಗೊಬ್ಬರ ಕೊಡುತ್ತಿದ್ದವನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವನಿಗೆ ಗುತ್ತಿಗೆಯೂ ಇಲ್ಲ, ಪರಿಹಾರವೂ ಇಲ್ಲ.

ಸರ್ಕಾರವನ್ನು, ಕಂಪನಿಯನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಕಷ್ಟದ ಮಾತು ಊರೊಳಗಿನದು. ಗೋಮಾಳದ ಪಕ್ಕ ಹಿಡುವಳಿ ಇದ್ದವನು ಪ್ರತಿ ಮುಂಗಾರಿಗೂ ನಾಲ್ಕು ಸಾಲು ಮುಂದಕ್ಕೆ ಉಳುತ್ತಾನೆ. ಮೊದಲು ಬದು ಸರಿಯುತ್ತದೆ, ಆಮೇಲೆ ಕಲ್ಲುಕಂಬ ಬರುತ್ತದೆ, ಬೋರ್‌ವೆಲ್ ಬರುತ್ತದೆ, ಅಡಿಕೆ ಸಸಿ ಏಳುತ್ತದೆ. ಕೇಳಹೋದರೆ ‘ನಮ್ಮಪ್ಪನ ಕಾಲದಿಂದ ನಾವೇ ಉಳುಮೆ ಮಾಡ್ತಿರೋದು’ ಎಂಬ ಉತ್ತರ. ಪಂಚಾಯಿತಿ ಸದಸ್ಯ ಅವನ ದಾಯಾದಿ, ಸರ್ವೆಗೆ ಬಂದವನಿಗೆ ಊಟ ಹಾಕುವವನೂ ಅವನೇ. ಮೇಕೆ ಹೊಡೆದುಕೊಂಡು ಬಂದ ಹೆಂಗಸು ಅವನೆದುರು ಏನೆಂದಾಳು? ನಾಳೆ ಕಳೆ ಕೀಳಲು ಅವನ ಹೊಲಕ್ಕೇ ಹೋಗಬೇಕು.

ಭೂಮಿಯೇ ಇಲ್ಲದೆ ಎರಡು ಎಕರೆ ಸರ್ಕಾರಿ ಜಮೀನು ಹಸನು ಮಾಡಿಕೊಂಡು ಗಂಜಿ ಕುಡಿಯುತ್ತಿರುವ ದಲಿತ ಕುಟುಂಬವನ್ನು ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ಬಗರ್ ಹುಕುಂ ಸಾಗುವಳಿಗೆ ನಮೂನೆ 50, 53, 57 ಎಂದು ಕಾಲಕಾಲಕ್ಕೆ ಅರ್ಜಿ ಕರೆದದ್ದು ಅಂಥವರಿಗಾಗಿ. ಆದರೆ ಅದೇ ಬಾಗಿಲಲ್ಲಿ ನುಗ್ಗಿದವರು ಯಾರು? ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಒಣಪ್ರದೇಶದ ಏಳು ರಾಜ್ಯಗಳ 80ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1986ರಲ್ಲಿ ಬರೆದದ್ದು ಇಂದಿಗೂ ಎದೆಗೆ ನಾಟುತ್ತದೆ. 1950ರ ದಶಕದಿಂದ ಮೂವತ್ತು ವರ್ಷಗಳಲ್ಲಿ ಸಾಮೂಹಿಕ ನೆಲ ಶೇ. 31ರಿಂದ 55ರವರೆಗೆ ಕುಗ್ಗಿತ್ತು. ಬಡವರಿಗೆ ಹಂಚುತ್ತೇವೆಂದು ಒಡೆದ ನೆಲದ ದೊಡ್ಡ ಪಾಲು ಬಡವರಲ್ಲದವರ ಕೈ ಸೇರಿತ್ತು. ಸಿಕ್ಕ ತುಂಡನ್ನೂ ಎತ್ತು, ಬೀಜ, ಬಂಡವಾಳವಿಲ್ಲದೆ ಎಷ್ಟೋ ಬಡವರು ಉಳಿಸಿಕೊಳ್ಳಲಾಗಿರಲಿಲ್ಲ. ಭೂಮಿ ಇಲ್ಲದವನಿಗೆ ಭೂಮಿ ಕೊಡಲೇಬೇಕು. ಅದನ್ನು ನೂರಾರು ಎಕರೆ ಒತ್ತುವರಿ ಮಾಡಿದವರಿಂದ ಬಿಡಿಸಿ ಕೊಡಿ. ಒಬ್ಬ ಬಡವನ ಮೇಕೆಯ ಮೇವನ್ನು ಕಿತ್ತು ಇನ್ನೊಬ್ಬ ಬಡವನಿಗೆ ಕೊಡುವ ಔದಾರ್ಯ ಯಾರಿಗೂ ಬೇಡ.

ಏನೂ ಮಾಡಲಾಗದು ಎನ್ನುವವರಿಗೆ ಕುಸನೂರನ್ನು ನೆನಪಿಸುತ್ತೇನೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ರೇಯಾನ್ ಕಾರ್ಖಾನೆಗೆ ನೀಲಗಿರಿ ಬೆಳೆಯಲು ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ನೆಲವನ್ನು ಅದಕ್ಕೆ ಕೊಡುವ ಯೋಜನೆ. ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು, ಶಿವರಾಮ ಕಾರಂತರು ಅರ್ಜಿದಾರರಾದರು. ಕೋರ್ಟಿನ ತೀರ್ಪಿಗೆ ಕಾಯುತ್ತ ಜನ ಕೈಕಟ್ಟಿ ಕೂರಲಿಲ್ಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪನಿ ಬಾಗಿಲು ಹಾಕಿತು. ಸರ್ಕಾರ, ಬಂಡವಾಳ ಎರಡೂ ಒಂದಾಗಿ ನಿಂತಿದ್ದ ಕಡೆ ಗೆದ್ದವರು ರೈತರು, ಕೂಲಿಗಳು, ಹೆಂಗಸರು. ಇವತ್ತಿಗೆ ಕಾನೂನಿನ ಬಲವೂ ಹೆಚ್ಚಿದೆ: 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಊರ ಸಾಮೂಹಿಕ ಜಾಗದ ಒತ್ತುವರಿಯನ್ನು ತೆರವು ಮಾಡಲು ಯೋಜನೆ ರೂಪಿಸಿ ಎಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಎಷ್ಟೋ ವರ್ಷದಿಂದ ಹಿಡಿದಿದ್ದೇವೆ, ಕಟ್ಟಡಕ್ಕೆ ಹಣ ಸುರಿದಿದ್ದೇವೆ ಎಂಬ ನೆಪಕ್ಕೆ ಅಕ್ರಮವನ್ನು ಸಕ್ರಮ ಮಾಡಬಾರದು ಎಂದೂ ಹೇಳಿದೆ. ಭೂಹೀನ ಕೂಲಿಗಳು ಮತ್ತು ಪರಿಶಿಷ್ಟರಿಗೆ ಸರ್ಕಾರವೇ ಗುತ್ತಿಗೆ ಕೊಟ್ಟ ಕಡೆ, ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯ ಆಗಲೇ ಇರುವ ಕಡೆ ಮಾತ್ರ ವಿನಾಯಿತಿ ಇಟ್ಟಿದೆ.

ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಗ್ರಾಮಸಭೆಗೆ ಬರಿಗೈಲಿ ಹೋಗಬೇಡಿ. ಗ್ರಾಮನಕ್ಷೆಯ ಪ್ರತಿ ತೆಗೆಸಿ, ಗೋಮಾಳದ ಸರ್ವೆ ನಂಬರುಗಳ ಪಹಣಿ ತೆಗೆಸಿ. ಊರ ಹುಡುಗರ ಫೋನಿನಲ್ಲಿ ದಿಶಾಂಕ್ ಆ್ಯಪ್ ಇರಲಿ. ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರೆಂದು ಅದು ತೋರಿಸುತ್ತದೆ. ಎಷ್ಟಿತ್ತು, ಎಷ್ಟು ಉಳಿದಿದೆ, ಯಾರಿಗೆ ಯಾವ ಆದೇಶದಲ್ಲಿ ಹೋಯಿತು ಎಂದು ಕೇಳಿ, ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಕೂರಬೇಡಿ. ಕುರಿ ಕಾಯುವವರನ್ನು, ಸೌದೆ ತರುವ ಹೆಂಗಸರನ್ನು ಜೊತೆಗೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿ. ಗೋಮಾಳದ ಗಡಿ ಅವರ ಕಾಲಿಗೆ ಗೊತ್ತು.

ಕಂದಾಯ ಇಲಾಖೆಯಲ್ಲಿರುವ ನಮ್ಮ ಮಕ್ಕಳೇ, ‘ಹೆಚ್ಚುವರಿ’ ಎಂದು ಷರಾ ಬರೆಯುವ ಮುನ್ನ ಮಂದೆ ಹೊರಡುವ ಹೊತ್ತಿಗೆ ಒಮ್ಮೆ ಆ ಬಯಲಿಗೆ ಹೋಗಿ ನಿಲ್ಲಿ. ನಿಮ್ಮ ಒಂದು ಸಾಲು ಎಷ್ಟು ಒಲೆಗಳನ್ನು ಆರಿಸುತ್ತದೆಂದು ಎಣಿಸಿ, ಆಮೇಲೆ ಸಹಿ ಹಾಕಿ.

ಇನ್ನು, ಬೇಲಿ ಮುಂದಕ್ಕೆ ಸರಿಸಿದವರೇ, ನಿಮಗೂ ಸೇರಿಸಿಯೇ ಈ ಮಾತು. ನೋಟಿಸು ಬರಲೆಂದು, ಪೊಲೀಸರು ಬರಲೆಂದು ಕಾಯಬೇಡಿ. ಎಷ್ಟು ಒಳಗೆ ಬಂದಿದ್ದೀರೆಂದು ನಿಮಗಿಂತ ಚೆನ್ನಾಗಿ ಯಾವ ಸರ್ವೇಯರನಿಗೂ ಗೊತ್ತಿಲ್ಲ. ಮುಂಗಾರಿನ ಉಳುಮೆಗೆ ಮೊದಲು ಕಂಬ ಕಿತ್ತು ಹಳೆಯ ಬದುವಿಗೇ ಹಾಕಿ, ಹಾಕಿದ್ದೇನೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ಊರಿನಲ್ಲಿ ಒಬ್ಬರು ಹಾಗೆ ಹೇಳಿದರೆ ಪಕ್ಕದವರನ್ನು ಕೇಳುವ ಧೈರ್ಯ ಉಳಿದವರಿಗೆ ಬರುತ್ತದೆ.